ಬುಧವಾರದ ಪೆಟ್ಟಿಗೆ

"ಅದನ್ನ ಮಡಚಿ ಎತ್ತಿಡಿ, ಸಾರ್ಜೆಂಟ್. ಮಾಂಸದಂಗಡಿ ಕಾಗದದ ಮೇಲೆ ನೀವು ಗೀಚಿದ ಚಿತ್ರ ನೋಡೋಕೆ ನಾನು ನಗರದಿಂದ ಇಲ್ಲೀವರೆಗೂ ಬಂದಿಲ್ಲ."

ಇನ್‌ಸ್ಪೆಕ್ಟರ್ ಫ್ಯಾಲೋಸ್ ಹಾಗೆಂದರೂ ನಾನು ಮಡಚಲಿಲ್ಲ. ಮೇಜಿನ ಮೇಲಿದ್ದ ಚಹಾದ ಮಗ್ಗುಗಳನ್ನು ಎಳೆದು ಕಾಗದದ ಒಂದೊಂದು ಮೂಲೆಗೆ ಒಂದೊಂದು ಹೇರಿದೆ. ಅದರಲ್ಲಿ ಅವರದೂ ಇತ್ತು. ಇನ್ನು ಚಹಾ ಕುಡಿಯಬೇಕೆಂದರೆ ಅವರು ನನ್ನ ಚಿತ್ರದ ಮೇಲೆ ಬಗ್ಗಲೇಬೇಕು.

"ಮೊದಲು ನೋಡಿ," ಎಂದೆ. "ನೋಡಿದ ಮೇಲೆ ಬೇಕಾದ್ರೆ ಒಲೆಗೆ ಹಾಕಿ."

ಈ ಕಲ್ಲಿನ ಗುಡಿಸಲಲ್ಲಿ ಅರ್ಧ ಆಯುಷ್ಯ ಕೂತು ನಿದ್ದೆಹಲ್ಲಿ ಎಂಬ ದಪ್ಪನೆಯ ಬಯಲು ಹಲ್ಲಿಗಳನ್ನು ಅಳೆದ ಮುದುಕ ಕ್ಲೆಮ್ ಟ್ರೆಜೀಸ್‌ನ ಹೆಣ, ತಲೆ ಒಡೆದು, ಹಿತ್ತಲಿನ ನೀರಿನ ತೊಟ್ಟಿಯಲ್ಲಿ ಸಿಕ್ಕಿತ್ತು. ಪಕ್ಕದ ಕುರಿ ಫಾರಂನ ಆರ್ನೋ ನಿಟ್ಷ್ಕೆ ಕೈಕೋಳ ಹಾಕಿಸಿಕೊಂಡು ಹೊರಗೆ ಪೊಲೀಸ್ ಗಾಡಿಯಲ್ಲಿ ಕೂತಿದ್ದ. ಫ್ಯಾಲೋಸ್ ಚಹಾ ಮುಗಿಸಿದರೆ ಗಾಡಿ ಹೊರಡುತ್ತದೆ. ಒಮ್ಮೆ ನಗರದ ಜೈಲು ಸೇರಿದವನನ್ನು ವಾಪಸು ತರುವುದು ನನ್ನಂಥ ಹಳ್ಳಿ ಠಾಣೆಯವಳ ಕೈಲಾಗುವ ಮಾತಲ್ಲ.

ಕೊಂದ ಜಾಗ ತೋರಿಸಲಿ ಎಂದು ಅವನನ್ನು ಇಲ್ಲಿಗೆ ಕರೆತಂದಿದ್ದರು. ಅವನು ಏನನ್ನೂ ತೋರಿಸಲಿಲ್ಲ, ಏನನ್ನೂ ಹೇಳಲಿಲ್ಲ. ಬೆಳಗಿನಿಂದ ನೆಲ ನೋಡಿಕೊಂಡೇ ಇದ್ದ. ನನಗೆ ಫ್ಯಾಲೋಸ್ ಮೇಲೆ ಎಷ್ಟು ಸಿಟ್ಟಿತ್ತೋ ಆರ್ನೋ ಮೇಲೂ ಅಷ್ಟೇ ಸಿಟ್ಟಿತ್ತು. ಬಾಯಿಬಿಟ್ಟು 'ನಾನಲ್ಲ' ಎಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಅವನ ಹೆಂಡತಿ ಲೋರ್ನಾ ಒಲೆಯ ಬಳಿ ನಿಂತಿದ್ದಳು. ಗಂಡನಿಗೆ ಸ್ವೆಟರ್ ಕೊಡಬೇಕೆಂದು ಬಂದವಳನ್ನು ಫ್ಯಾಲೋಸ್ ಚಹಾ ಮಾಡಲು ನಿಲ್ಲಿಸಿಕೊಂಡಿದ್ದರು. ಆ ದರ್ಪ ನೋಡಿ ನನ್ನ ಕಿವಿ ಆಗಲೇ ಕೆಂಪಾಗಿತ್ತು. ಫ್ಯಾಲೋಸ್ ಸಕ್ಕರೆ ಕೇಳಿದಾಗ ಅವಳು ಕಿಟಕಿಯ ಪಕ್ಕದ ಗೂಡಿನಿಂದ ಡಬ್ಬಿ ತೆಗೆದು ಮುಂದಿಟ್ಟಳು. ಆರ್ನೋನನ್ನು ಹಿಡಿದಾಗ ಅವಳು ಠಾಣೆಗೆ ಬಂದು ನನ್ನ ಮೇಜಿನ ಮುಂದೆ ನಿಂತು, "ಗ್ಲೆನ್, ಹೇಗಾದ್ರೂ ಮಾಡಿ ಅವನನ್ನ ಬಿಡಿಸು," ಎಂದು ಕೇಳಿದ್ದಳು. ಅತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೂಲೆಯ ಮಂಚದ ಮೇಲೆ ಕ್ಲೆಮ್‌ನ ಸಹಾಯಕಿ ಟಾಮ್ಸಿನ್ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಅವಳು ಎದ್ದು ಹೋಗದಂತೆ ನಾನು ಬಾಗಿಲ ಕಡೆಗೆ ಕುರ್ಚಿ ಹಾಕಿಕೊಂಡಿದ್ದೆ.

"ಸರಿ, ಬೇಗ ಹೇಳಿ," ಎಂದರು ಫ್ಯಾಲೋಸ್. "ಈ ಡಬ್ಬಗಳು ಏನು?"

"ಒಂದೊಂದು ಪೆಟ್ಟಿಗೆ ಕ್ಲೆಮ್ ಅಳೆದ ಒಂದೊಂದು ದಿನ. ಅವತ್ತು ಸಿಕ್ಕ ಹಲ್ಲಿಗಳನ್ನೆಲ್ಲ ಚಿಕ್ಕದರಿಂದ ದೊಡ್ಡದರ ತನಕ ಸಾಲಾಗಿ ನಿಲ್ಲಿಸಿದ್ದೀನಿ ಅಂತ ಇಟ್ಕೊಳಿ. ಸಾಲಿನ ನಡುವಿನ ಅರ್ಧ ಭಾಗ ಪೆಟ್ಟಿಗೆ ಒಳಗೆ. ಪೆಟ್ಟಿಗೆ ಒಳಗಿನ ಈ ಗೆರೆ ನಟ್ಟನಡುವಿನ ಹಲ್ಲಿ. ಕೆಳಗಿನ ಮೀಸೆ ಅತಿ ಚಿಕ್ಕದರ ತನಕ, ಮೇಲಿನ ಮೀಸೆ ಅತಿ ದೊಡ್ಡದರ ತನಕ."

"ಮೀಸೆ." ಫ್ಯಾಲೋಸ್ ತಮ್ಮ ಮೀಸೆ ಸವರಿಕೊಂಡರು. "ಶಾಲೇಲಿ ನನ್ನ ಮಗನಿಗೂ ಇದನ್ನೇ ಕಲಿಸ್ತಾರೆ. ಬಾಕ್ಸ್ ಪ್ಲಾಟು. ಅವನಿಗೂ ಅರ್ಥ ಆಗಲ್ಲ."

"ನಿಮಗೆ ಆಗತ್ತೆ. ಕಷ್ಟ ಏನಿಲ್ಲ. ಕ್ಲೆಮ್ ಈ ವಸಂತದಲ್ಲಿ ಅಳೆದ ದಿನಗಳನ್ನ ನೋಡಿ. ಎಲ್ಲ ಪೆಟ್ಟಿಗೇನೂ ಒಂದೇ ಎತ್ತರದಲ್ಲಿವೆ. ಒಂದು ಕೂದಲೆಳೆ ಮೇಲೆ, ಒಂದು ಕೂದಲೆಳೆ ಕೆಳಗೆ. ಈಗ ಕೊನೇದು ನೋಡಿ. ಬುಧವಾರದ್ದು."

ಬುಧವಾರದ ಪೆಟ್ಟಿಗೆಯನ್ನು ನಾನು ಕೆಂಪು ಪೆನ್ನಿನಲ್ಲಿ ಬರೆದಿದ್ದೆ. ಕೆಂಪಿನ ಅಗತ್ಯವೇ ಇರಲಿಲ್ಲ. ಉಳಿದ ಪೆಟ್ಟಿಗೆಗಳು ಎಲ್ಲಿ ಮುಗಿಯುತ್ತಿದ್ದವೋ ಅದು ಹೆಚ್ಚುಕಡಿಮೆ ಅಲ್ಲಿಂದ ಶುರುವಾಗಿತ್ತು.

ಫ್ಯಾಲೋಸ್ ನೋಡಿದರು. ಒಂದು ಕ್ಷಣ ಅವರ ಮುಖದಲ್ಲಿ ಏನೋ ಬಂದು ಹೋಯಿತು. ಆಮೇಲೆ ಹೆಗಲು ಕುಣಿಸಿದರು.

"ಅವತ್ತು ಉದ್ದದ ಹಲ್ಲಿಗಳು ಸಿಕ್ಕಿವೆ. ಮುದುಕನ ಕಂಪ್ಯೂಟರಿನಲ್ಲಿ ಸರಾಸರಿ ನಾನೂ ನೋಡಿದೆ. ಸ್ವಲ್ಪ ಜಾಸ್ತಿ. ಒಂದೆರಡು ದೈತ್ಯ ಹಲ್ಲಿ ಬಿದ್ದಿರಬೇಕು."

ಸರಾಸರಿ ಎಂಬ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಕಡೆ ಮಳೆಯ ಸರಾಸರಿ ಹೇಳಿಕೊಂಡು ಎಷ್ಟು ಜನ ಎಷ್ಟು ವರ್ಷ ನಮ್ಮ ಕಿವಿಗೆ ಹೂವಿಟ್ಟಿಲ್ಲ.

"ಒಂದೆರಡು ದೈತ್ಯ ಬಿದ್ದಿದ್ರೆ ಮೇಲಿನ ಮೀಸೆ ಮಾತ್ರ ಉದ್ದ ಆಗ್ತಿತ್ತು. ಇಲ್ಲಿ ಅತಿ ಚಿಕ್ಕ ಹಲ್ಲೀನೂ ಉದ್ದ ಆಗಿದೆ, ನಡುವಿನದೂ ಆಗಿದೆ, ದೊಡ್ಡದೂ ಆಗಿದೆ. ಎಲ್ಲವೂ ಅಷ್ಟಷ್ಟೇ. ಎರಡೆರಡು ಬೆರಳು. ಇಡೀ ಪೆಟ್ಟಿಗೇನೇ ಎದ್ದು ನಿಂತಿದೆ."

"ಬುಧವಾರದ್ದು ಉತ್ತರದ ಬಯಲಿನ ಹಲ್ಲಿಗಳು," ಎಂದರು ಅವರು. "ಅದು ಹೊಸ ಜಾಗ. ಅಲ್ಲಿ ಮೇವು ಚೆನ್ನಾಗಿರಬಹುದು. ಚೆನ್ನಾಗಿ ತಿಂದಿವೆ, ಬೆಳೆದಿವೆ. ನನಗೆ ಹಲ್ಲಿ ಗೊತ್ತಿಲ್ಲ, ಆದ್ರೆ ಊಟ ಗೊತ್ತು."

"ಅದಕ್ಕೇ ಇನ್ನೊಂದು ಕಾಗದ ತಂದಿದ್ದೀನಿ."

ಎರಡನೆಯ ಹಾಳೆಯನ್ನು ಮೊದಲನೆಯದರ ಪಕ್ಕ ಬಿಡಿಸಿದೆ. ಇದು ತೂಕ. ಅದೇ ದಿನಗಳು, ಅವೇ ಹಲ್ಲಿಗಳು, ಅದೇ ತರಹದ ಪೆಟ್ಟಿಗೆಗಳು. ಬುಧವಾರದ ಪೆಟ್ಟಿಗೆ ಇಲ್ಲಿಯೂ ಕೆಂಪು. ಆದರೆ ಇಲ್ಲಿ ಅದು ಉಳಿದವುಗಳ ಪಕ್ಕದಲ್ಲಿ, ಅದೇ ಎತ್ತರದಲ್ಲಿ, ಏನೂ ಅರಿಯದಂತೆ ಕೂತಿತ್ತು.

"ಚೆನ್ನಾಗಿ ತಿಂದು ಬೆಳೆದಿದ್ರೆ ತೂಕ ಎಲ್ಲಿ ಹೋಯ್ತು?" ಎಂದೆ. "ಎರಡು ಬೆರಳು ಉದ್ದ ಜಾಸ್ತಿ, ತೂಕ ಮಾತ್ರ ಅಷ್ಟೇ. ಇಂಥ ಹಲ್ಲಿ ಎಲ್ಲಾದ್ರೂ ಇದೆಯಾ?"

ಮೇಜಿನ ಕೆಳಗಿದ್ದ ಪಾತ್ರೆ ತೊಳೆಯುವ ಟಬ್ಬಿನಿಂದ ಬುಸ್ಸೆಂಬ ಸದ್ದು ಬಂತು. ಬೆಳಗ್ಗೆ ನಾನು ಹಿಡಿದು ತಂದಿದ್ದ ನಿದ್ದೆಹಲ್ಲಿ ಎಚ್ಚರವಾಗಿತ್ತು. ಅನಾನಸ್ ಸಿಪ್ಪೆಗೆ ಕಾಲು ಬಂದಂಥ ಪ್ರಾಣಿ. ಮೋಟು ಬಾಲ ತಲೆಯಷ್ಟೇ ದಪ್ಪ, ಹೆದರಿದರೆ ನೀಲಿ ನಾಲಿಗೆ ಚಾಚುತ್ತದೆ. ಇದರ ಬೆನ್ನ ಮೇಲೆ, ಅಳೆದ ಗುರುತಿಗೆ ಹಚ್ಚಿದ ಹಳದಿ ಬಣ್ಣದ ಸಂಖ್ಯೆ ಇತ್ತು.

"ಬೆಳಗ್ಗೆ ಬಿಸಿಲೇರಿದ ಮೇಲೆ ಉತ್ತರದ ಬಯಲಿಗೆ ಹೋಗಿದ್ದೆ. ಬುಧವಾರದ ಹಳದಿ ಗುರುತಿನ ಹಲ್ಲಿಗಳು ಬ್ಲೂಬುಷ್ ಪೊದೆ ಕೆಳಗೆ ಸಿಕ್ಕಿದಷ್ಟನ್ನೂ ಹಿಡಿದೆ. ಕ್ಲೆಮ್‌ನ ಹಲಗೆ ಮೇಲೆ, ಕ್ಲೆಮ್ ಅಳೆಯೋ ಹಾಗೇ ಅಳೆದೆ. ಮೊದಲ ಕಾಗದದ ಅಂಚಲ್ಲಿ ಚುಕ್ಕಿ ಚುಕ್ಕಿ ಹಾಕಿರೋ ಪೆಟ್ಟಿಗೆ ಇದೆಯಲ್ಲ, ಅದು ಅವು. ಎಲ್ಲಿದೆ ನೋಡಿ."

ಅದು ಕೆಳಗಿಳಿದು ತನ್ನ ನೆಂಟರ ಸಾಲಿಗೆ ಸೇರಿಕೊಂಡಿತ್ತು.

ಫ್ಯಾಲೋಸ್ ಈ ಸಲ ಹೆಗಲು ಕುಣಿಸಲಿಲ್ಲ. "ಅಂದ್ರೆ?"

"ಅಂದ್ರೆ ಹಲ್ಲಿ ಬದಲಾಗಿಲ್ಲ. ಅಳೆದ ಕೈ ಬದಲಾಗಿದೆ. ತಕ್ಕಡಿ ಯಾರ ಕೈಲಿದ್ರೂ ಒಂದೇ ತೂಕ ಹೇಳತ್ತೆ. ಉದ್ದ ಹಾಗಲ್ಲ. ಕ್ಲೆಮ್ ಹಲ್ಲೀನ ಬೆನ್ನ ಮೇಲೆ ಮಲಗಿಸಿ, ಹೊಟ್ಟೆ ಕಡೆಯಿಂದ, ಮೂಗಿನ ತುದಿಯಿಂದ ಬಾಲದ ಬುಡದ ತನಕ ನೇರ ಪಟ್ಟಿ ಇಡ್ತಿದ್ದ. ಬುಧವಾರದ ಹಲ್ಲಿಗಳನ್ನ ಯಾರೋ ಟೇಪ್ ಹಿಡಿದು ಬೆನ್ನ ಮೇಲಿಂದ ಅಳೆದಿದ್ದಾರೆ. ಉಬ್ಬಿದ ಬೆನ್ನು, ಟೇಪ್ ಅದರ ಮೇಲೆ ಹತ್ತಿ ಇಳೀಬೇಕು. ಎರಡು ಬೆರಳು ಅಲ್ಲಿಂದ ಬಂತು."

ಒಲೆಯ ಮೇಲೆ ಕೆಟಲ್ ಕುದಿಯುತ್ತಿತ್ತು. ಲೋರ್ನಾ ಅದನ್ನು ಇಳಿಸಲಿಲ್ಲ. ಕೊನೆಗೆ ನಾನೇ ಎದ್ದು ಇಳಿಸಿ ಬಂದೆ.

"ಕ್ಲೆಮ್ ಬುಧವಾರ ಬದುಕಿದ್ದ ಅನ್ನೋಕೆ ನಿಮ್ಮ ಹತ್ರ ಇರೋದು ಈ ಅಳತೆಗಳು ಮಾತ್ರ," ಎಂದೆ. "ತೊಟ್ಟಿ ನೀರು ತಣ್ಣಗಿತ್ತು, ಮಂಗಳವಾರವೋ ಬುಧವಾರವೋ ಹೇಳೋಕಾಗಲ್ಲ ಅಂತ ಡಾಕ್ಟರು ಕೈಚೆಲ್ಲಿದಾರೆ. ಬುಧವಾರ ಆರ್ನೋ ಒಬ್ಬನೇ ಇಲ್ಲೇ ಪಕ್ಕದಲ್ಲಿ ಬೇಲಿ ರಿಪೇರಿ ಮಾಡ್ತಿದ್ದ, ಅವನ ಹಾರೆ ತೊಟ್ಟೀಲಿ ಸಿಕ್ತು, ಆದ್ದರಿಂದ ಅವನೇ ಕೊಂದ. ಇದೇ ತಾನೇ ನಿಮ್ಮ ಕೇಸು? ಆ ಹಾರೆ ಮೊದಲಿಂದಲೂ ಬೇಲಿಗೆ ಒರಗಿಸಿಟ್ಟಿರತ್ತೆ. ದಾರಿಹೋಕರು ಯಾರು ಬೇಕಾದ್ರೂ ತಗೊಬಹುದು. ಮಂಗಳವಾರ ಆರ್ನೋ ಬರ್ರಾದ ಕುರಿ ಹರಾಜಿನಲ್ಲಿದ್ದ. ಬೆಳಗಿನಿಂದ ಕತ್ತಲಾಗೋ ತನಕ. ಈ ಸೀಮೆ ಜನ ಪೂರ್ತಿ ನೋಡಿದಾರೆ. ಬುಧವಾರದ ಅಳತೆ ಸುಳ್ಳಾದ್ರೆ ಕ್ಲೆಮ್ ಸತ್ತಿದ್ದು ಮಂಗಳವಾರ. ನೀವು ಆ ಕೈಕೋಳ ಬಿಚ್ಚಬೇಕು."

"ಮತ್ತೆ ಯಾರ ಕೈಗೆ ಹಾಕ್ಲಿ?"

ಆ ಪ್ರಶ್ನೆಗೇ ನಾನು ಕಾದಿದ್ದೆ. ಎದ್ದು ಹೋಗಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಫೋಟೊ ಕಿತ್ತು ತಂದು ಅವರ ಮುಂದೆ ಇಟ್ಟೆ. ಕ್ವೀನ್ಸ್‌ಲೆಂಡಿನ ಕಡಲತೀರ. ಮರಳಿನ ಮೇಲೆ ದೊಡ್ಡ ಕಡಲಾಮೆ. ಅದರ ಚಿಪ್ಪಿನ ಮೇಲೆ, ಈ ತುದಿಯಿಂದ ಆ ತುದಿಗೆ, ಬಾಗಿದ ಹಾಗೇ ಟೇಪ್ ಹಾಸಿ ನಗುತ್ತಿದ್ದವಳು ಟಾಮ್ಸಿನ್.

"ಅದು ನಾನೇ," ಎಂದಳು ಮಂಚದಿಂದ. "ಏನೀಗ?"

"ಎಷ್ಟು ವರ್ಷ ಆಮೆ ಅಳೆದೆ?"

"ಇಲ್ಲಿಗೆ ಬರೋವರೆಗೂ."

"ಯಾವಾಗಲೂ ಬೆನ್ನ ಮೇಲಿಂದ."

"ಆಮೇನ ತಿರುಗಿಸಿ ಹೊಟ್ಟೆ ಅಳೆಯೋಕೆ ನೀವು ಬಂದು ಎತ್ತಿಕೊಡ್ತೀರಾ?"

ಫ್ಯಾಲೋಸ್ ತುಟಿ ಅಲುಗಿತು. ಅವಳ ಬಾಯಿ ಚುರುಕಾಗಿದ್ದದ್ದು ನನ್ನ ಕೋಪಕ್ಕೆ ತುಪ್ಪ ಸುರಿಯಿತು. ಕ್ಲೆಮ್ ನನಗೆ ಬೇಕಾದವನು. ಠಾಣೆಗೆ ಬಂದಾಗಲೆಲ್ಲ ಯಾವನೋ ಲಾರಿಯವನು ರಸ್ತೆಯಲ್ಲಿ ಹಲ್ಲಿ ಅರೆದುಹೋದ ಎಂದು ದೂರು ಬರೆಸುತ್ತಿದ್ದ. ನಾನು ಪ್ರತಿ ಸಲವೂ ಬರೆದುಕೊಳ್ಳುತ್ತಿದ್ದೆ. ಅಂಥವನನ್ನು ಹೊಡೆದು ನೀರಿಗೆ ತಳ್ಳಿ, ಅವನ ಹೆಸರಿನಲ್ಲೇ ಕೂತು ಅಳತೆ ಬರೆದವಳು ಇವಳು ಎಂದು ನನಗೆ ಖಾತ್ರಿಯಾಗಿತ್ತು.

"ಕ್ಲೆಮ್ ನಿನಗೆ ಮುಂದಿನ ವರ್ಷ ಕೆಲಸ ಇಲ್ಲ ಅಂದಿದ್ದ. ಹೌದಾ?"

"ಹೌದು."

"ಬುಧವಾರ ನೀನು ನಗರದಲ್ಲಿ ತುಂಬಿದ ಸಭೆಯಲ್ಲಿ ಭಾಷಣ ಮಾಡ್ತಿದ್ದೆ. ಮಂಗಳವಾರ ಎಲ್ಲಿದ್ದೆ?"

"ಕಾರಿನಲ್ಲಿ. ದಾರೀಲಿ. ಒಬ್ಬಳೇ. ಆಗಲೇ ಹೇಳಿದೀನಿ."

"ಹಾಗಾದ್ರೆ ಎದ್ದು ಬಾ. ಈ ಹಲ್ಲೀನ ಅಳೆದು ತೋರಿಸು."

ನಾನು ಜೇಬಿನಿಂದ ನನ್ನ ಮನೆಯ ಟೇಪ್ ತೆಗೆದು ಮೇಜಿನ ಮೇಲೆ, ಅವಳ ಬಲಗೈಗೆ ಎಟುಕುವಲ್ಲೇ ಹಾಕಿದೆ. ಕ್ಲೆಮ್‌ನ ಹಲಗೆ ಗೋಡೆಗೆ ಒರಗಿತ್ತು, ಸ್ವಲ್ಪ ದೂರದಲ್ಲಿ. ಕೈಗೆ ರೂಢಿಯಾದದ್ದನ್ನು ತಲೆ ತಡೆಯಲಾರದು ಎಂದು ನಾನು ಲೆಕ್ಕ ಹಾಕಿದ್ದೆ. ಎಡವಟ್ಟು ಲೆಕ್ಕ.

ಟಾಮ್ಸಿನ್ ಟಬ್ಬಿಗೆ ಕೈಯಿಟ್ಟು ಹಲ್ಲಿಯನ್ನು ಎತ್ತಿದಳು. ಅದು ಬಾಯ್ದೆರೆದು ನೀಲಿ ನಾಲಿಗೆ ತೋರಿಸಿತು. ಅವಳು ಟೇಪಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಗೋಡೆಯ ಬಳಿ ಹೋಗಿ ಹಲಗೆ ತಂದಳು, ಹಲ್ಲಿಯನ್ನು ಅಂಗಾತ ಮಲಗಿಸಿದಳು, ಹೆಬ್ಬೆರಳಿನಲ್ಲಿ ಗದ್ದ ಒತ್ತಿ ಹಿಡಿದು ನೇರ ಪಟ್ಟಿಯಲ್ಲಿ ಓದಿದಳು. ಓದಿದ ಅಳತೆ ನಾನು ಬೆಳಗ್ಗೆ ಬರೆದದ್ದೇ. ಒಂದು ಗೆರೆಯೂ ಹೆಚ್ಚುಕಡಿಮೆ ಇರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದಳು. ನನಗಿಂತ ಹೆಚ್ಚು ಕೋಪ ಅವಳಿಗೆ ಬಂದಿತ್ತು.

"ಆಮೆ ಅಳೆಯೋವಾಗ ಆಮೆ ಥರ ಅಳೀತೀನಿ, ಹಲ್ಲಿ ಅಳೆಯೋವಾಗ ಹಲ್ಲಿ ಥರ. ನನ್ನನ್ನ ಏನಂದ್ಕೊಂಡ್ರಿ? ಇಲ್ಲಿಗೆ ಬಂದ ಮೊದಲನೇ ದಿನ ಟೇಪ್ ಕೈಗೆತ್ತಿಕೊಂಡಿದ್ದೆ. ಕ್ಲೆಮ್ ಅದನ್ನ ಕಿತ್ತುಕೊಂಡು ಇದೇ ಒಲೆಗೆ ಹಾಕಿದ. ಅವತ್ತಿಂದ ಈ ಗುಡಿಸಲಲ್ಲಿ ಟೇಪೇ ಇಲ್ಲ. ಬೇಕಾದ್ರೆ ಹುಡುಕಿ. ನಿಮ್ಮದನ್ನ ನೀವೇ ತರಬೇಕಾಯ್ತಲ್ಲ."

ಅವಳು ಹೇಳಿದ್ದು ನಿಜ. ಗುಡಿಸಲನ್ನು ಶೋಧಿಸಿದವಳು ನಾನೇ. ಒಂದು ಟೇಪೂ ಸಿಕ್ಕಿರಲಿಲ್ಲ. ಸಿಗದಿದ್ದದ್ದರ ಅರ್ಥವೇನೆಂದು ನಾನು ಯೋಚಿಸಿಯೇ ಇರಲಿಲ್ಲ.

"ಅವನು ಕೆಲಸ ಇಲ್ಲ ಅಂದಿದ್ದು ಯಾಕೆ ಗೊತ್ತಾ? ನಂಗೆ ಆಮೆಗಳ ಕಡೆ ಒಳ್ಳೆ ಕೆಲಸ ಸಿಕ್ಕಿದೆ, ಇಲ್ಲಿ ಕೊಳೀಬೇಡ, ಹೋಗು ಅಂತ. ಅವನೇ ಶಿಫಾರಸು ಬರೆದುಕೊಟ್ಟ. ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳ್ಲಿಲ್ಲ. ಬಾಗಿಲಿಗೆ ಅಡ್ಡ ಕುರ್ಚಿ ಹಾಕ್ಕೊಂಡು ಕೂತ್ರಿ." ಅವಳ ದನಿ ಒಡೆಯಿತು. "ನಿಮ್ಮ ಪೆಟ್ಟಿಗೆ ಸರಿಯಾಗೇ ಇದೆ. ಬುಧವಾರದ್ದು ಕ್ಲೆಮ್ ಅಳೆದಿದ್ದಲ್ಲ, ಅದು ನಂಗೂ ಈಗ ಕಾಣತ್ತೆ. ಆದ್ರೆ ನಾನೂ ಅಲ್ಲ."

ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಒಬ್ಬ ನಿರಪರಾಧಿಯನ್ನು ಬಿಡಿಸಲು ಹೋಗಿ ಇನ್ನೊಬ್ಬಳ ಕೊರಳಿಗೆ ಕೈಹಾಕಿದ್ದೆ.

"ಕ್ಷಮಿಸು," ಎಂದೆ. ಅವಳು ಹಲ್ಲಿಯನ್ನು ಹಲಗೆಯಿಂದ ಎತ್ತಿ ಎದೆಗೊತ್ತಿಕೊಂಡಳು.

ಫ್ಯಾಲೋಸ್ ಕಾಗದದ ಮೂಲೆಯಿಂದ ತಮ್ಮ ಮಗ್ಗು ಎತ್ತಿಕೊಂಡು, ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದರು. ಕಾಗದದ ಆ ಮೂಲೆ ಸುರುಳಿಯಾಯಿತು.

"ಆಯ್ತಲ್ಲ. ಮುದುಕನಿಗೆ ವಯಸ್ಸಾಗಿತ್ತು, ಅವತ್ತು ಯಾವುದೋ ದಾರದಲ್ಲಿ ಅಳೆದ. ಕೋರ್ಟಿನಲ್ಲಿ ವಕೀಲರು ಹೀಗೇ ಹೇಳ್ತಾರೆ, ಜಡ್ಜು ತಲೆ ಆಡಿಸ್ತಾರೆ. ಅಳೆದವರು ಯಾರು ಅಂತ ನೀವು ತೋರಿಸದೇ ಇದ್ರೆ ಈ ಡಬ್ಬಗಳು ಬರೀ ಡಬ್ಬಗಳೇ."

"ಕ್ಲೆಮ್ ದಾರದಲ್ಲಿ ಅಳೆಯೋನಲ್ಲ. ಸಾಯೋ ದಿನ ಮನುಷ್ಯ ತನ್ನ ಕೆಲಸ ಮರೀತಾನಾ?"

"ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ." ಅವರು ಟೋಪಿ ಇಟ್ಟುಕೊಂಡರು. "ಆ ಆರ್ನೋ ಒಂದು ಮಾತು ಆಡ್ಲಿ ನೋಡೋಣ. ತಪ್ಪು ಮಾಡದೇ ಇರೋನು ಹಾಗೆ ನೆಲ ನೋಡ್ಕೊಂಡು ಕೂರಲ್ಲ, ಸಾರ್ಜೆಂಟ್. ನಾನೂ ಈ ಕೆಲಸದಲ್ಲಿ ತಲೆ ನೆರೆಸಿದೀನಿ."

"ನಿಮ್ಮ ತಲೆ ನೆರೆದಿದ್ದಕ್ಕೆ ಅವನು ಜೈಲಿಗೆ ಹೋಗ್ಬೇಕಾ?"

"ನಾಲಿಗೆ ಬಿಗಿ ಹಿಡಿದು ಮಾತಾಡಿ."

"ಹಿಡಿಯಲ್ಲ. ನಿಮಗೆ ಸಂಜೆ ಒಳಗೆ ಮನೆ ಸೇರ್ಬೇಕು, ಅಷ್ಟೇ. ಅದಕ್ಕೋಸ್ಕರ ಒಬ್ಬನ ಬದುಕು."

ಅವರು ನನ್ನ ಪಕ್ಕದಿಂದ ಹಾದು ಬಾಗಿಲಿಗೆ ಹೋದರು. ಹೊರಗೆ ಕೈಸನ್ನೆ ಮಾಡಿದರು. ಗಾಡಿಯ ಎಂಜಿನ್ ಶುರುವಾಯಿತು. ನಾನು ಎರಡೂ ಹಾಳೆಗಳನ್ನು ಬಾಚಿಕೊಂಡೆ. ಹರಿದು ಹಾಕಬೇಕೆಂದು ಕೈ ತುಡಿಯುತ್ತಿತ್ತು.

"ಗ್ಲೆನ್, ಒಸಿ ಪಕ್ಕಕ್ಕೆ ಸರಿ."

ಲೋರ್ನಾ. ಇಷ್ಟು ಹೊತ್ತು ಆ ಕೋಣೆಯಲ್ಲಿ ಅವಳೂ ಇದ್ದಾಳೆಂಬುದನ್ನೇ ನಾವೆಲ್ಲ ಮರೆತಿದ್ದೆವು. ನನ್ನನ್ನು ಮೊಣಕೈಯಿಂದ ಸರಿಸಿ ಮೇಜಿನ ಬಳಿ ಬಂದಳು. ಟಾಮ್ಸಿನ್ ಕೈಯಿಂದ ಹಲ್ಲಿಯನ್ನು ತೆಗೆದುಕೊಂಡಳು. ಅದು ಬುಸ್ಸೆನ್ನಲಿಲ್ಲ. ಅವಳ ಎಡ ತೋಳಿನ ಮೇಲೆ ಹೊಟ್ಟೆಯೂರಿ, ಮೋಟು ಕಾಲು ಇಳಿಬಿಟ್ಟು ಮಲಗಿತು.

"ಇನ್‌ಸ್ಪೆಕ್ಟರ್," ಎಂದಳು. ಫ್ಯಾಲೋಸ್ ಹೊಸ್ತಿಲಲ್ಲಿ ನಿಂತರು.

ಅವಳು ತಾನು ತೊಟ್ಟಿದ್ದ ಸ್ವೆಟರಿನ ಜೇಬಿನಿಂದ ಹೊಲಿಗೆಯ ಟೇಪ್ ತೆಗೆದಳು. ಬಳಸಿ ಬಳಸಿ ಅಂಚು ಸವೆದ, ಬಟ್ಟೆಯಂತೆ ಮೆತ್ತಗಾದ ಟೇಪು. ಒಂದು ತುದಿಯನ್ನು ಹಲ್ಲಿಯ ಮೂಗಿನ ಮೇಲಿಟ್ಟು, ಬೆರಳಿನಿಂದ ಬೆನ್ನಿನುದ್ದಕ್ಕೂ ಸವರಿಕೊಂಡು ಹೋಗಿ, ಬಾಲದ ಬುಡದಲ್ಲಿ ಉಗುರಿನಿಂದ ಒತ್ತಿ ಹಿಡಿದಳು. ಅಳತೆಯನ್ನು ಗಟ್ಟಿಯಾಗಿ ಓದಿದಳು.

ನನ್ನ ಕೈಯಲ್ಲಿದ್ದ ಹಾಳೆಯನ್ನು ನೋಡಬೇಕಾಗಿಯೇ ಇರಲಿಲ್ಲ. ಆ ಹಲ್ಲಿಯ ಬುಧವಾರದ ಅಳತೆ ನನಗೆ ಬಾಯಿಪಾಠವಾಗಿತ್ತು. ಇದು ಅದೇ.

"ಈ ಸೀಮೇಲಿ ನಾಯಿಗಳಿಗೆ ಚಳಿ ಅಂಗಿ ಹೊಲಿಯೋಳು ನಾನೇ," ಎಂದಳು ಲೋರ್ನಾ. "ತಾಯಿ ಇಲ್ಲದ ಕುರಿಮರಿಗೂ ಹೊಲೀತೀನಿ. ಅಂಗಿಗೆ ಬೆನ್ನ ಮೇಲೇ ಅಳೆಯೋದು. ನಂಗೆ ಬೇರೆ ಥರ ಬರಲ್ಲ. ಕ್ಲೆಮ್ ಅಳೀತಿದ್ದ, ನಾನು ಪಕ್ಕದಲ್ಲಿ ಕೂತು ತೂಗ್ತಿದ್ದೆ. ಹೊಟ್ಟೆ ಕಡೆಯಿಂದ ಅಳೀತಾನೆ ಅನ್ನೋದನ್ನ ಯಾವತ್ತೂ ಗಮನ ಕೊಟ್ಟು ನೋಡಿರಲಿಲ್ಲ."

"ನೀವು ಇಲ್ಲಿ ಕೂರ್ತಿದ್ರಾ?" ಎಂದಳು ಟಾಮ್ಸಿನ್. "ಯಾವಾಗ?"

"ಆರ್ನೋ ಹರಾಜಿಗೆ ಹೋದಾಗೆಲ್ಲ. ನೀನು ಊರಲ್ಲಿ ಇಲ್ಲದೇ ಇದ್ದಾಗ."

"ಲೋರ್ನಾ, ಇನ್ನು ಏನೂ ಹೇಳ್ಬೇಡ. ಮೊದಲು ವಕೀಲರು ಬರ್ಲಿ."

"ನೀನೇ ತಾನೇ ಹೇಳಿದ್ದು, ಬುಧವಾರದ ಅಳತೆ ಸುಳ್ಳಾದ್ರೆ ಅವನನ್ನ ಬಿಡ್ಬೇಕು ಅಂತ." ಅವಳ ದನಿಯಲ್ಲಿ ಸಿಟ್ಟಿತ್ತು. ನನ್ನ ಮೇಲಿನದೋ ಯಾರ ಮೇಲಿನದೋ ತಿಳಿಯಲಿಲ್ಲ. "ಈ ಹುಡುಗಿ ಮೇಲೆ ಬಿದ್ದೆ ನೀನು. ಅವಳ ಮೇಲೆ ಹಾಕಿ ಅವನು ಬಿಡುಗಡೆ ಆಗ್ತಾನೇನೋ ಅಂತ ನಾನೂ ಒಂದು ಗಳಿಗೆ ಸುಮ್ನಿದ್ದೆ. ನಾಚಿಕೆಗೇಡು. ಬರ್ಕೊಳಿ ಇನ್‌ಸ್ಪೆಕ್ಟರ್, ಅಳೆದಿದ್ದು ನಾನು. ಮಂಗಳವಾರ ಸಂಜೆ. ಕಂಪ್ಯೂಟರಿನಲ್ಲಿ ಬುಧವಾರ ಅಂತ ಹಾಕಿದೆ. ಬುಧವಾರ ಇಡೀ ದಿನ ನಾನು ಚರ್ಚ್ ಹಾಲಿನಲ್ಲಿ ಕೇಕ್ ಮಾರ್ತಾ ಇರ್ತೀನಿ, ನನ್ನನ್ನ ಯಾರೂ ಕೇಳಲ್ಲ ಅನ್ಕೊಂಡೆ. ಆರ್ನೋ ಒಬ್ಬನೇ ಬೇಲಿ ಹತ್ರ ಇರ್ತಾನೆ ಅನ್ನೋದು ತಲೆಗೆ ಬರ್ಲಿಲ್ಲ."

ಫ್ಯಾಲೋಸ್ ನಿಧಾನವಾಗಿ ಒಳಗೆ ಬಂದರು. ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ನೀವು ಅಳೆಯೋವಾಗ ಕ್ಲೆಮ್ ಎಲ್ಲಿದ್ದ?"

"ತೊಟ್ಟೀಲಿ."

ಟಾಮ್ಸಿನ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಅವನು ಹಿಡಿದು ತಂದ ಹಲ್ಲಿಗಳು ಬಟ್ಟೆ ಚೀಲದಲ್ಲಿ ಇಲ್ಲೇ ಮೊಳೆಗೆ ನೇತಾಡ್ತಿದ್ವು," ಎಂದಳು ಲೋರ್ನಾ. "ಹಾಗೇ ಬಿಟ್ಟು ಹೋದ್ರೆ ಸಾಯ್ತಿದ್ವು. ತೂಗಿದೆ, ಅಳೆದೆ, ಬಣ್ಣ ಹಚ್ಚಿದೆ, ತಗೊಂಡು ಹೋಗಿ ಅವುಗಳ ಜಾಗದಲ್ಲೇ ಬಿಟ್ಟೆ. ಅಷ್ಟು ಮಾಡ್ದೆ. ಅವನಿಗೋಸ್ಕರ ಮಾಡೋಕೆ ಬೇರೆ ಏನೂ ಉಳಿದಿರಲಿಲ್ಲ."

"ಅವನನ್ನ ತೊಟ್ಟಿಗೆ ಹಾಕಿದ್ದು ಯಾರು?"

ಅವಳು ಹಲ್ಲಿಯನ್ನು ಟಬ್ಬಿಗೆ ಇಳಿಸಿ, ಟೇಪನ್ನು ಬೆರಳಿಗೆ ಸುತ್ತತೊಡಗಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದು ಕುರ್ಚಿ ಹಿಡಿದುಕೊಂಡೆ. ಒಬ್ಬನನ್ನು ಬಿಡಿಸಿಕೊಡು ಎಂದು ಕೇಳಿದವಳನ್ನೇ ನಾನು ನನ್ನ ಕೆಂಪು ಪೆನ್ನಿನಿಂದ ಹಿಡಿದುಕೊಟ್ಟಿದ್ದೆ. ಇಷ್ಟೂ ಹೊತ್ತು ಅವಳು ನನ್ನ ಬೆನ್ನ ಹಿಂದೆ ನಿಂತು ನನಗೆ ಚಹಾ ಸುರಿಯುತ್ತಿದ್ದಳು.

"ಲೋರ್ನಾ ನಿಟ್ಷ್ಕೆ," ಎಂದರು ಫ್ಯಾಲೋಸ್, "ಯಾರು?"

ಆಗ ಬಾಗಿಲಲ್ಲಿ ನೆರಳು ಬಿತ್ತು. ಎಂಜಿನ್ ಓಡುತ್ತಲೇ ಇತ್ತು, ಪೇದೆ ಹಿಂದಿನಿಂದ ತೋಳು ಹಿಡಿದು ಎಳೆಯುತ್ತಿದ್ದ, ಆದರೂ ಆರ್ನೋ ಗಾಡಿಯಿಂದ ಇಳಿದು ಹೊಸ್ತಿಲವರೆಗೂ ಬಂದುಬಿಟ್ಟಿದ್ದ. ಹೆಂಡತಿ ಹೇಳಿದ್ದೆಲ್ಲ ಅವನಿಗೆ ಕೇಳಿಸಿತ್ತು. ಅವನ ಮುಖವನ್ನು ನಾನು ಸರಿಯಾಗಿ ನೋಡಿದೆ. ಸಿಟ್ಟಿತ್ತು, ದುಃಖವಿತ್ತು. ಆಶ್ಚರ್ಯ ಎಳ್ಳಷ್ಟೂ ಇರಲಿಲ್ಲ.

ಇಡೀ ದಿನದಲ್ಲಿ ಅವನು ಬಾಯಿ ತೆರೆದದ್ದು ಅದೇ ಮೊದಲು.

"ಸುಮ್ನಿರು ಅಂತ ಮಂಗಳವಾರ ರಾತ್ರಿನೇ ನಿಂಗೆ ಹೇಳಿದ್ನಲ್ಲೇ, ಲೋರ್ನಾ," ಎಂದ ಆರ್ನೋ. "ನಿನ್ನ ಬದಲು ಜೈಲಿಗೆ ನಾನು ಹೋಗ್ತೀನಿ ಅಂದಿದ್ನಲ್ಲ."